ದವಾಖಾನೆಯ ಕಿಟಕಿಯಿಂದ ಬಂದ ದನಿ

ನರ್ಸಬಾಯಿಯವರ ಕೈಗಳು ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಕೆಳಗೆ ಇನ್ನೊಂದು. ಕಾರ್ಬೋಲಿಕ್ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಸುಲಿದು, ನೆನೆಸಿಟ್ಟ ಬೇಳೆಯಂತೆ ಬೆಳ್ಳಗಾಗಿದ್ದವು. ದವಾಖಾನೆಯ ಬೇಲಿಯಾಚೆಯಿಂದ ನೋಡಿದ ಮಂದಿ “ವಿಷಾ ಕಲಸಿ ಕಲಸಿ ಹಂಗಾಗ್ಯಾವ” ಎನ್ನುತ್ತಿದ್ದರು. ಆ ಗುಮಾನಿಗೆ ಪುರಾವೆ ಒದಗಿಸಿದ ಮೂರ್ಖ ನಾನೇ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಗೆಳೆಯರು ನನ್ನದೇ ದನಿ ಮಾಡಿ ಹೇಳಿಬಿಡುತ್ತಾರೆ.

ಅವು ಯುದ್ಧದ ದಿನಗಳು. ವಿಜಾಪುರದ ಕೋಟೆಗೋಡೆಯಾಚೆ, ಹೊಲಗಳ ನಡುವೆ, ಅಂಟುರೋಗಗಳಿಗೆಂದೇ ಇದ್ದ ಸರಕಾರಿ ದವಾಖಾನೆ. ಮುದ್ದತಿ ಜ್ವರ, ಅಂದರೆ ಟೈಫಾಯ್ಡ್, ಹಿಡಿದು ಅಲ್ಲಿ ಬಿದ್ದಿದ್ದ ಹುಡುಗ ನಾನು, ಜ್ವರ ಇಳಿದ ಮೇಲೆ ಮಾಡಲು ಕೆಲಸವಿಲ್ಲದೆ ಎಲ್ಲರ ದನಿಯ ನಕಲಿ ಮಾಡುತ್ತಿದ್ದೆ. ಮರಾಠಿ ಬೆರೆಸಿ ಬಯ್ಯುವ ಡಾಕ್ಟರು, ನರಳುತ್ತಲೇ ಬೀಡಿ ಕೇಳುವ ಪಕ್ಕದ ಮಂಚದವನು, ಕೊನೆಗೆ ಜ್ವರದಲ್ಲಿ “ಯವ್ವಾ ಸಾಯತೇನಿ” ಎಂದು ಅತ್ತ ನಾನು. ಜನ ಹೆಚ್ಚು ನಕ್ಕದ್ದು ಈ ಕೊನೆಯದಕ್ಕೆ.

ರೋಗಿಗಳು ಕುಡಿದು ಉಳಿಸಿದ ಹಾಲನ್ನು ನರ್ಸಬಾಯಿ ಸುಣ್ಣದ ಕುಣಿಗೆ ಸುರಿಸುತ್ತಿದ್ದರು, ಎಂಜಲಿನಿಂದ ರೋಗ ಹಬ್ಬಬಾರದೆಂದು. ಬೇಲಿಯಾಚೆಯವರಿಗೆ ಕಂಡದ್ದೇ ಬೇರೆ. “ನೋಡಲೇ, ಹಾಲು ಕುಣಿಗೆ! ಒಳಗಿನವರಿಗೆ ಏನ ಕುಡಸತಾರೋ!” ನಾನೂ ಕಡಿಮೆಯವನಲ್ಲ. ಮೊದಮೊದಲು ಔಷಧವನ್ನು ಕೆನ್ನೆಯಲ್ಲಿ ಹಿಡಿದಿಟ್ಟು ಆಮೇಲೆ ಕಿಟಕಿಯಾಚೆ ಉಗುಳುತ್ತಿದ್ದೆ. ಒಂದು ದಿನ ನರ್ಸಬಾಯಿ ಎದುರಿಗೇ ಸ್ಟೂಲು ಎಳೆದುಕೊಂಡು ಕೂತರು.

“ಮಾತಾಡು,” ಎಂದರು.

ಬಾಯಿ ತುಂಬ ಔಷಧ. ಏನು ಮಾತಾಡಲಿ?

“ನಿನ್ನಂಥಾ ಬಾಯಿಬಡಕ ಸುಮ್ಮ ಕುಂತಾನಂದ್ರ ಬಾಯಾಗ ಏನೋ ಐತಿ. ನುಂಗು.”

ನುಂಗಿದೆ.

ಅವರಲ್ಲಿ ಒಂದು ಗುಣವಿತ್ತು. ಊರಿನ ಕಣ್ಣಿಗೆ ಅದೇ ದೊಡ್ಡ ದೋಷ. “ನಮ್ಮ ಹುಡುಗ ಉಳೀತಾನೇನ್ರಿ ಬಾಯಾರ?” ಎಂದು ಬೇಲಿಯ ಬಳಿ ಯಾರಾದರೂ ಅಂಗಲಾಚಿದರೆ, “ಮುಂಜಾನಿ ಗಂಜಿ ಕುಡದಾನ,” ಎನ್ನುತ್ತಿದ್ದರು. ಅಷ್ಟೇ. ಕಂಡದ್ದರ ಆಚೆಗೆ ಒಂದು ಅಕ್ಷರವಿಲ್ಲ. ಸುಳ್ಳು ಧೈರ್ಯ ಹೇಳದವರನ್ನು ನಂಬುವುದು ನಮ್ಮ ಜನಕ್ಕೆ ಕಷ್ಟ.

ಒಳಗೆ ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಸಂಜೆ ಬೇಲಿಯಾಚೆ ನಿಂತ ಮನೆಯವರು ಕೂಗಬೇಕು, ಒಳಗಿನ ರೋಗಿ ಕಿಟಕಿಯಿಂದ ಓಗೊಡಬೇಕು. ದನಿ ಕೇಳಿಸಿದರೆ ಜೀವ ಇದೆ ಎಂದರ್ಥ. ಹೀಗಿರುವಾಗ ಟಿಕೋಟದಿಂದ ಗಂಟಲಮಾರಿ ಹತ್ತಿದ ಪುಟ್ಟ ಹುಡುಗಿಯೊಬ್ಬಳು ಬಂದಳು. ಗಂಟಲು ಬಾತು ಉಸಿರಾಟವೇ ಕಷ್ಟ. ದನಿ ಎಲ್ಲಿಂದ ಬಂದೀತು? ತಾಯಿ ಕಂಕುಳಲ್ಲಿ ಇನ್ನೊಂದು ಕೂಸು ಹೊತ್ತು, ಅತ್ತೆಯ ಜೊತೆ ಬೇಲಿ ಹಿಡಿದು ನಿಂತೇ ಇದ್ದಳು. ತಂದೆ ಚಕ್ಕಡಿ ಹೂಡಿಕೊಂಡು ಬಂದಿದ್ದ. “ಇವತ್ತ ದನಿ ಕೇಳಲಿಲ್ಲಂದ್ರ ಹೊತ್ಕೊಂಡ ಹೋಗೂದ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹೊತ್ತೊಯ್ದರೆ ಹುಡುಗಿ ದಾರಿಯಲ್ಲೇ ಉಸಿರು ಬಿಡುತ್ತಾಳೆಂದು ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತಿತ್ತು.

ನಾನು ಕಿಟಕಿಯ ಮರೆಗೆ ನಿಂತು, ಸಣ್ಣ ಹುಡುಗಿಯ ದನಿ ತೆಗೆದು ಕೂಗಿದೆ. “ಯವ್ವಾ, ನಾ ಅರಾಮ ಅದೇನಿ!”

ಉಪಕಾರ ಮಾಡಿದೆನೆಂದು ಎದೆ ಉಬ್ಬಿಸಿದೆ. ಬೇಲಿಯಾಚೆ ನಿಂತಿದ್ದ ತಾಯಿ ಚೀರಿದಳು:

“ಯಾರಲೇ ಅದು? ನನ್ನ ಮಗಳು ಎಂದೂ ನನಗ ಅವ್ವ ಅಂದಾಕಿನ ಅಲ್ಲ! ವೈನಿ ಅಂತಾಳ! ನನ್ನ ಮಗಳಿಗೆ ಏನ ಮಾಡೀರಿ?”

ತುಂಬಿದ ಮನೆ, ಮೈದುನರೆಲ್ಲ ಅತ್ತಿಗೆಯಾದ ಅವಳನ್ನು ವೈನಿ ಎಂದು ಕರೆಯುವುದನ್ನು ಕೇಳಿ ಮಗುವೂ ಹೆತ್ತವಳನ್ನು ಹಾಗೇ ಕರೆಯುತ್ತಿತ್ತು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಹೀಗೇ. ನಾನೇ ನನ್ನ ತಂದೆಯನ್ನು ಅಣ್ಣ ಎನ್ನುವವನು. ಆದರೂ ಹೊಳೆಯಲಿಲ್ಲ.

ಸತ್ತವರ ದನಿ ತೆಗೆಯಲು ದವಾಖಾನೆಯವರು ಆಳು ಇಟ್ಟಿದ್ದಾರೆ ಎಂಬ ಸುದ್ದಿ ಬೇಲಿಯ ಉದ್ದಕ್ಕೂ ಹರಿಯಿತು. ಬಬಲೇಶ್ವರದ ಮುದುಕನೊಬ್ಬ ಒಳಗಿದ್ದ ಮಗನನ್ನು ಪರೀಕ್ಷೆಗೆ ನಿಲ್ಲಿಸಿದ.

“ಲೇ, ನಮ್ಮ ಎಮ್ಮಿ ಬಣ್ಣ ಹೇಳು!”

“ಕರೀದು, ಯಪ್ಪಾ!”

“ಇದನ್ನ ಯಾರ ಬೇಕಾದ್ರೂ ಹೇಳತಾರ! ಮೋಸ ಐತಿ!”

ನರ್ಸಬಾಯಿ ನನ್ನ ಮಂಚದ ಬಳಿ ಬಂದರು. ಬಯ್ಯಲಿಲ್ಲ. “ಹೋಗಿ ಖರೇ ಹೇಳು. ನಿನ್ನ ದನೀಲೆ.” ಕಿಟಕಿಯಲ್ಲಿ ನಿಂತಾಗ ನನ್ನ ಸ್ವಂತ ದನಿ ಯಾವುದೆಂದು ಹುಡುಕಲು ತುಸು ಹೊತ್ತೇ ಬೇಕಾಯಿತು. “ನಾನ ನಕಲಿ ಮಾಡಿದ್ದು, ತಪ್ಪಾತು!” ಎಂದೆ. “ಅದನ್ನೂ ಅವರ ಕಲಿಸ್ಯಾರ!” ಎಂದರು ಮಂದಿ. ಗಂಡಸರು ಗೇಟು ನೂಕತೊಡಗಿದರು.

ಆಗ ನರ್ಸಬಾಯಿ ಗೇಟಿನ ಬಳಿ ಹೋಗಿ ತಾಯಿಗೆ ಹೇಳಿದರು: “ತಂಗಿ, ಕೂಸಿನ್ನ ನಿಮ್ಮತ್ತಿ ಕೈಯಾಗ ಕೊಟ್ಟು ಒಳಗ ಬಾ. ಬಂದ್ರ ಮಗಳು ಅರಾಮ ಆಗೂತನಕ ಹೊರಗ ಬಿಡಂಗಿಲ್ಲ ನೋಡು.” ಯಾರನ್ನೂ ಒಳಬಿಡಬಾರದೆಂಬ ನಿಯಮ ಮುರಿದದ್ದಕ್ಕೆ ಡಾಕ್ಟರಿಂದ ಮರುದಿನ ಅವರೇ ಬಯ್ಯಿಸಿಕೊಂಡರು, ನನ್ನ ಹೆಸರು ಎತ್ತಲಿಲ್ಲ.

ತಾಯಿ ಒಳಗೆ ಬಂದು, ಮಗಳ ಎದೆಯ ಮೇಲೆ ಕೈಯಿಟ್ಟು ನೋಡಿ, ಕಿಟಕಿಗೆ ಓಡಿದಳು. “ಅದಾಳ್ರೀ! ಉಸರ ಆಡಾಕತ್ತಾಳ!”

“ನೀನ ಹೌದೋ, ಆ ಹುಡುಗನೋ?” ಎಂದ ಗಂಡ.

“ಎತ್ತು ಬಾಯಾರಿ ನಿಂತಾವ, ನೀರ ಕುಡಸೂದ ಬಿಟ್ಟು ನನ್ನ ಪರೀಕ್ಷಾ ಮಾಡತೀರೇನ!”

“ಅಕಿನ,” ಎಂದು ಅವನು ತಲೆ ತಗ್ಗಿಸಿದ. ಮಂದಿ ನಕ್ಕರು.

ಹುಡುಗಿ ಮುಂದೆ ಗುಣವಾಗಿ ಊರಿಗೆ ಹೋದಳು. ನರ್ಸಬಾಯಿ ಇಷ್ಟು ವರ್ಷಗಳ ಮೇಲೆ, ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಎಲ್ಲರ ನಕಲಿ ಮಾಡುವ ನಾನು ಅವರದನ್ನು ಮಾತ್ರ ಮಾಡುವುದಿಲ್ಲ. ನಾನು ಇಟ್ಟುಕೊಂಡಿರುವ ಮರ್ಯಾದೆ ಅದೊಂದೇ. ಆದರೆ ಆ ಸಂಜೆ ಹುಡುಗಿ ಉಳಿಯುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ತಂದೆ ಚಕ್ಕಡಿಯನ್ನು ಇನ್ನೂ ತಿರುಗಿಸಿರಲಿಲ್ಲ. ಗೇಟಿನ ಕಂಬಿ ಹಿಡಿದು ಕೊನೆಯ ಮಾತು ಕೇಳಿಯೇಬಿಟ್ಟ:

“ಬಾಯಾರ, ನಾಳೆ ಹುಡುಗಿ ಸತ್ತರ ಯಾರನ್ನ ಹಿಡೀಬೇಕ್ರಿ?”

ನರ್ಸಬಾಯಿ ಗೇಟಿಗೆ ಚಿಲಕ ಹಾಕುತ್ತ ಹೇಳಿದರು: “ಸತ್ತರ ನನ್ನ ಹಿಡೀರಿ. ಉಳದರ ಯಾರನ್ನ ಹಿಡೀಬೇಕಂತ ಇಲ್ಲೀತನಕ ಒಬ್ಬರೂ ಕೇಳಾಕ ಬಂದಿಲ್ಲ, ನೀವಾರ ಬರ್ರಿ.”