ಮೆಹರಾಜಬೇಗಂ ಒತ್ತಿದ ಮಾನಿಟರ್

ನೆಲೋಗಿಯಲ್ಲಿ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿಲ್ಲ. ಅದರ ಸದ್ದು ಏಳುವ ಮೊದಲೇ ಮೆಹರಾಜಬೇಗಂ ಅವರ ಕೆಲಸ ಮುಗಿಯಬೇಕು. ಮನೆಯ ಒಳಕೋಣೆಯ ಗೋಡೆಗಳಿಗೆಲ್ಲ ಕೌದಿ ಕಟ್ಟಿದ್ದಾರೆ, ಓದುವವರ ದನಿ ಗೋಡೆಗೆ ಬಡಿದು ಮರಳಬಾರದೆಂದು. ಫ್ಯಾನ್ ನಿಲ್ಲಿಸುತ್ತಾರೆ, ಕಂಪ್ಯೂಟರ್ ಹಚ್ಚುತ್ತಾರೆ, ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ಸೆರಗು ಹೊದೆಯುತ್ತಾರೆ. ಕಿವಿಯ ಮೇಲೆ ಅದು ಇದೆಯೋ ಇಲ್ಲವೋ, ಎದುರಿಗಿದ್ದವರಿಗೆ ತಿಳಿಯುವುದಿಲ್ಲ.

“ತಂಗಿ, ಫೋನ್ ಹೊರಗಿಟ್ಟು ಬರ್ರಿ,” ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. “ಮತ್ತ ನೀವೇನರ ಕದ್ದು ರೆಕಾರ್ಡ್ ಮಾಡಾಕತ್ತೀರೇನು?” ಕೇಳುವುದು ನಗುತ್ತಲೇ. ಆದರೆ ನಾನು ಫೋನನ್ನು ಕಟ್ಟೆಯ ಮೇಲಿಟ್ಟು ಬರುವ ತನಕ ಅವರ ಕಣ್ಣು ನನ್ನ ಕೈ ಬಿಡುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಣ್ಣು ಕಾಣದ ಮಕ್ಕಳಿಗೆ ಶಾಲೆಯ ಪಾಠಗಳನ್ನು ಊರವರಿಂದ ಓದಿಸಿ, ರೆಕಾರ್ಡ್ ಮಾಡಿ ಕಳಿಸುವುದು ಇವರ ಕೆಲಸ. ಪಾಠ ತುಂಬಿದ ಮೆಮೊರಿ ಕಾರ್ಡುಗಳು ಬಸ್ಸಿನಲ್ಲಿ ಹೋಗುತ್ತವೆ. ಮೊದಲು ಶುರು ಮಾಡಿದ್ದು ಮಗಳು ನೂರೀನಳಿಗಾಗಿ. ಅವಳಿಗೂ ಕಣ್ಣಿಲ್ಲ, ಕಲಬುರಗಿಯ ವಸತಿಶಾಲೆಯಲ್ಲಿದ್ದಾಳೆ, ಈ ವರ್ಷ ಹತ್ತನೆಯ ತರಗತಿ.

“ಮೊದಲ ನಾನೇ ಓದತಿದ್ದೆ. ‘ಅಮ್ಮಿ, ನೀ ಓದಿದ್ರ ರಾಜರೆಲ್ಲ ಸಂತಿಗೆ ಹೊಂಟಂಗ ಅನಸ್ತದ’ ಅಂದ್ಲು ನೂರೀನ. ಅವತ್ತಿಂದ ಓದೂದು ಬಿಟ್ಟೆ, ಕೇಳೂದು ಹಿಡದೆ.”

ಕೇಳುವುದೂ ಸಣ್ಣ ಕೆಲಸವಲ್ಲ. ಕೋಳಿ ಕೂಗಿದರೆ ಆ ಸಾಲು ಮತ್ತೆ ಓದಿಸಬೇಕು. ಓದಲು ಬರುವ ಹೆಂಗಸರ ಬಳೆ ಮೈಕಿನಲ್ಲಿ ಗಲಗಲ ಎನ್ನುತ್ತವೆ. ಮುತ್ತೈದೆಯರಿಗೆ ಬಳೆ ತೆಗೆಯಿರಿ ಎನ್ನಲಾಗದು. ಬಳೆ ಮೇಲೆ ಸರಿಸಿ, ಅದರ ಮೇಲೆ ಕರ್ಚೀಫು ಬಿಗಿಯುತ್ತಾರೆ.

ಕಂಪ್ಯೂಟರು ಯಾವುದೋ ಕಚೇರಿ ಬಿಸಾಕಿದ್ದು. ಜೇವರ್ಗಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಫಯಾಜ ಅದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟಿದ್ದಾನೆ. ಇದು ಓಪನ್, ಒಳಗೆ ಹೇಗೆ ಬರೆದಿದೆಯೆಂದು ಯಾರು ಬೇಕಾದರೂ ತೆಗೆದು ನೋಡಬಹುದು ಎಂದು ಅವನು ಹೇಳಿದ್ದೇ ತಪ್ಪಾಯಿತು. ಹಾಗಾದರೆ ಯಾರು ಬೇಕಾದರೂ ನಮ್ಮ ಮಾತೂ ಕೇಳಬಹುದಲ್ಲ ಎಂದರು ಊರವರು.

ಆ ಗುಮಾನಿ ಹೋದ ವಾರ ಬಲಿಯಿತು. ನಿವೃತ್ತ ಅಂಗನವಾಡಿ ಟೀಚರ್ ಗೌರಾಬಾಯಿಯದು ಇಲ್ಲಿ ಓದುವವರಲ್ಲೆಲ್ಲ ಒಳ್ಳೆಯ ದನಿ. ಇತಿಹಾಸದ ಪಾಠ ಓದಿ ಮುಗಿಸಿ, ಪುಟ ತಿರುವಲು ಬಂದಿದ್ದ ನೆರೆಮನೆಯ ಶಿವಕಾಂತಾಳ ಜೊತೆ ಅವರು ಮಾತಿಗೆ ಕುಳಿತರು. “ನಮ್ಮ ಸೀಮಾನ ರೊಟ್ಟಿ ತಿನ್ನಾಕ ಹಲ್ಲು ಬಾಡಗಿ ತರಬೇಕು ನೋಡು” ಎಂದರು. ಸಂಜೆಯೊಳಗೆ ಅದು ಸೊಸೆ ಸೀಮಾಳ ಕಿವಿ ಮುಟ್ಟಿತು. ಅವಳು ಬಟ್ಟೆ ಕಟ್ಟಿಕೊಂಡು ಮಣ್ಣೂರಿನ ತವರಿಗೆ ಹೋದಳು.

ಮಾತು ಒಂದಕ್ಷರವೂ ಬದಲಾಗದೆ ಮುಟ್ಟಿದ್ದೇ ಅನುಮಾನಕ್ಕೆ ಕಾರಣ. ಮನುಷ್ಯರಾದರೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳುವುದು ಯಂತ್ರ ಮಾತ್ರ ಎಂದು ಓಣಿ ತೀರ್ಮಾನಿಸಿತು. ಅಂದು ಪರದೆಯ ಮೇಲೆ ‘ಮಾನಿಟರ್’ ಎಂದು ಬರೆದದ್ದನ್ನು ಶಿವಕಾಂತಾ ಕಣ್ಣಾರೆ ಕಂಡಿದ್ದಳು. ಶಾಲೆಗೆ ಹೋದವರಿಗೆಲ್ಲ ಮಾನಿಟರ್ ಗೊತ್ತು. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆದು ಮಾಸ್ತರರಿಗೆ ಹೇಳುವವನು.

ಅಂದಿನಿಂದ ಇಲ್ಲಿಗೆ ಯಾರೂ ಓದಲು ಬಂದಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಇತಿಹಾಸದ ಪಾಠ ಮಕ್ಕಳಿಗೆ ಮುಟ್ಟಿಲ್ಲ. ಅಂದಿನ ರೆಕಾರ್ಡಿಂಗನ್ನು ಮೆಹರಾಜಬೇಗಂ ಯಾರಿಗೂ ಕೇಳಿಸುತ್ತಿಲ್ಲ. ಯಾಕೆಂದು ನಾನು ಕೇಳಿದರೆ ಸೆರಗಿನಿಂದ ಮೌಸ್ ಒರೆಸುತ್ತ ಕೂಡುತ್ತಾರೆ. ನನಗೂ ಸಂಶಯ ಬರುತ್ತದೆ.

ಬಾಗಿಲಲ್ಲಿ ನೆರಳಾಗುತ್ತದೆ. ಗೌರಾಬಾಯಿ, ಅವರ ಹಿಂದೆ ಶಿವಕಾಂತಾ. ಇಬ್ಬರೂ ಚಪ್ಪಲಿ ಬಿಟ್ಟಿಲ್ಲ.

“ಬೇ ಮೆಹರಾಜ, ಅವತ್ತಿಂದು ಹಚ್ಚು. ನನ್ನ ಮಾತು ಅದರಾಗ ಅದನೋ ಇಲ್ಲೋ, ಇವತ್ತ ಕೇಳೇ ಹೋಗ್ತೇನಿ,” ಎನ್ನುತ್ತಾರೆ ಗೌರಾಬಾಯಿ.

“ಅದರಾಗ ಏನೂ ಇಲ್ರಿ ಅಕ್ಕ.”

“ಇಲ್ಲಂದ್ರ ಹಚ್ಚಾಕ ಏನ ತ್ರಾಸು?”

ಶಿವಕಾಂತಾ ಪರದೆಗೆ ಬೆರಳು ಮಾಡುತ್ತಾಳೆ. “ಇಲ್ಲೇ ಇತ್ತು ನೋಡ್ರಿ. ಕುಂತು ನಮ್ಮ ಮಾತೆಲ್ಲ ಬರಕೋತಿತ್ತು.”

ಮೆಹರಾಜಬೇಗಂ ನನ್ನತ್ತ ಒಮ್ಮೆ ನೋಡಿ, ಅಂದಿನ ರೆಕಾರ್ಡಿಂಗ್ ಹಚ್ಚಿ ಸ್ಪೀಕರಿನ ಗುಂಡಿ ತಿರುವುತ್ತಾರೆ. ಹೊರಡುವುದು ವಿಜ್ಞಾನದ ಪಾಠ ಓದುವ ಗುರುಶಾಂತ ಮಾಸ್ತರರ ದನಿ: “ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿವೆ.” ಗೌರಾಬಾಯಿ ಕಿವಿಗೊಟ್ಟು ಕಾಯುತ್ತಾರೆ. ಕಪ್ಪೆ ಮುಗಿಯುತ್ತದೆ. ಮತ್ತೆ ಅದೇ ಕಪ್ಪೆ ಶುರುವಾಗುತ್ತದೆ.

“ಇದೇನ ಬೇ? ನನ್ನ ರಾಜರೆಲ್ಲಿ?”

“ನಿಮ್ಮ ಮಾತಷ್ಟೇ ಅಲ್ರಿ ಅಕ್ಕ, ನಿಮ್ಮ ಪಾಠಾನೂ ಇಲ್ಲ. ಎಲ್ಲಾ ಹೋಗ್ಯಾದ.”

ಆದದ್ದನ್ನು ಮೆಹರಾಜಬೇಗಂ ಬಿಡಿಸಿ ಹೇಳುತ್ತಾರೆ. ರೆಕಾರ್ಡ್ ಮಾಡುವ ಮೊದಲು, ದನಿಯನ್ನು ಎಲ್ಲಿಂದ ತೆಗೆದುಕೊಳ್ಳಲಿ ಎಂದು ಕಂಪ್ಯೂಟರ್ ಕೇಳುತ್ತದೆ. ಮೈಕ್ ಎಂದೊಂದು ಸಾಲು, ಮಾನಿಟರ್ ಎಂದಿನ್ನೊಂದು. ಮಾನಿಟರ್ ಒತ್ತಿದರೆ ಅದು ಹೊರಗಿನ ಮಾತು ಹಿಡಿಯುವುದಿಲ್ಲ. ತಾನು ನುಡಿಸುತ್ತಿರುವುದನ್ನೇ ತಾನು ಹಿಡಿದಿಡುತ್ತದೆ. ಅಂದು ಹಿಂದಿನ ದಿನದ ಕಪ್ಪೆಯ ಪಾಠ ಒಳಗೇ ಮತ್ತೆ ಮತ್ತೆ ಓಡುತ್ತಿತ್ತು, ಸ್ಪೀಕರ್ ಬಂದ್ ಇತ್ತು. ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯುತ್ತಿದ್ದುದರಿಂದ ಎಲ್ಲ ಸರಿಯಿದೆ ಎನಿಸಿತು. ಹೆಡ್‌ಫೋನನ್ನು ಮೈಕಿಗೇ ಸಿಕ್ಕಿಸಿದ್ದರಿಂದ ಕಿವಿಗೆ ಗೌರಾಬಾಯಿಯ ದನಿಯೇ ಬರುತ್ತಿತ್ತು.

“ಓದೂದನ್ನ ನಿಗಾ ಇಟ್ಟು ಕೇಳೂದಕ್ಕ ಮಾನಿಟರ್ ಅಂತಾರಂತ ಫಯಾಜ ಹೇಳಿದ್ದ. ನನ್ನ ಕೆಲಸ ಅದೇ ಅಲ್ಲೇನಂತ ಅದನ್ನೇ ಒತ್ತಿಬಿಟ್ಟೆ,” ಎನ್ನುತ್ತಾರೆ ಮೆಹರಾಜಬೇಗಂ. “ನಿಮ್ಮ ಗಂಟಲ ಒಣಗೂ ತನಕ ಓದಿಸಿ, ಹೋಯ್ತು ಅಂತ ಹ್ಯಾಂಗ ಹೇಳ್ಲಿ? ಚಾಡಿ ಹೇಳಾಕಿ ಅಂದ್ರೂ ಅನ್ಲಿ ಅಂತ ಸುಮ್ಮನಿದ್ದೆ.”

ಯಂತ್ರ ಹೇಳಿಲ್ಲವೆಂದರೆ ಕೋಣೆಯಲ್ಲಿದ್ದವರೇ ಹೇಳಿರಬೇಕು. ಗೌರಾಬಾಯಿ ನಿಧಾನವಾಗಿ ಹಿಂದೆ ತಿರುಗುತ್ತಾರೆ.

“ನಾ ಯಾಕ ಹೇಳ್ಲಿ ಅಕ್ಕ?” ಯಾರೂ ಕೇಳದೆಯೇ ಶಿವಕಾಂತಾ ಅನ್ನುತ್ತಾಳೆ. “ಆ ರೊಟ್ಟಿ ಮಾತು ನನಗ ನೆನಪೂ ಇಲ್ಲ.”

ಬಂದಾಗಿನಿಂದ ಯಾರೂ ರೊಟ್ಟಿಯ ಹೆಸರೆತ್ತಿರಲಿಲ್ಲ.

“ನೆನಪಿಲ್ಲದಾಕಿ ಮನಿಗಿ ನಡಿ,” ಎಂದು ಗೌರಾಬಾಯಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಪುಸ್ತಕ ತೆಗೆಯುತ್ತಾರೆ. ಆದರೆ ಕೂಡಲೇ ಓದುವುದಿಲ್ಲ. “ಯಾವ ಸಾಲು ಒತ್ತಿದಿ?”

“ಮೈಕ್ ರಿ.”

“ಓದಿ ಮುಗಿದ ಮ್ಯಾಲ?”

“ಬಂದ್ ರಿ.”

ಪಾಠ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದನಿ ನಿಜಕ್ಕೂ ಚೆನ್ನಾಗಿದೆ. ಆದರೆ ಪ್ರತಿ ಪ್ಯಾರಾ ಮುಗಿದಾಗಲೂ ಗೌರಾಬಾಯಿ ತಲೆ ಎತ್ತಿ ಮೆಹರಾಜಬೇಗಂ ಅವರತ್ತ ನೋಡುತ್ತಾರೆ, ಸಾಲು ತಪ್ಪುತ್ತದೆ, ಮತ್ತೆ ಓದುತ್ತಾರೆ.

ಗಿರಣಿ ಶುರುವಾಗಿ ಕೆಲಸ ನಿಂತ ಮೇಲೆ, ನಿಮಗೇನು ಬೇಕು ಎಂದು ಮೆಹರಾಜಬೇಗಂ ಅವರನ್ನು ಕೇಳುತ್ತೇನೆ. ಹೊಸ ಕಂಪ್ಯೂಟರ್ ಎನ್ನಬಹುದೆಂದುಕೊಂಡಿದ್ದೆ.

“ದೊಡ್ಡದೇನೂ ಇಲ್ರಿ,” ಎನ್ನುತ್ತಾರೆ. “ಓದಾಕ ಕುಂತವರು ಪುಸ್ತಕ ನೋಡಬೇಕು. ನನ್ನ ಮಾರಿ ನೋಡಬಾರದು.”