ಪರಿಮಳಕ್ಕೆ ಹನ್ನೆರಡು ಅಂಕ

ನನ್ನ ಬಿಯರಿಗೆ ನೋಟದಲ್ಲಿ ಮೂರಕ್ಕೆ ಮೂರು ಅಂಕ ಬಂದಿತ್ತು. ಪೂರ್ತಿ ಅಂಕ ಬಂದದ್ದು ಅದೊಂದರಲ್ಲೇ, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ಮನೆಯಲ್ಲೇ ಬಿಯರ್ ಮಾಡುವವರಿಗೆ ಸಿಡ್ನಿಯ ಪಶ್ಚಿಮದ ಒಂದು ಕ್ಲಬ್ಬು ನಡೆಸುವ ಸ್ಪರ್ಧೆ ಅದು. ಲೇಬಲ್ ಇಲ್ಲದ ಎರಡು ಬಾಟಲಿ ಕೊಡಬೇಕು. ಕುತ್ತಿಗೆಗೆ ರಬ್ಬರ್ ಬ್ಯಾಂಡಿನಲ್ಲಿ ಒಂದು ನಂಬರಿನ ಚೀಟಿ. ಇಬ್ಬರು ಜಡ್ಜ್‌ಗಳು ಅದು ಯಾರದೆಂದು ತಿಳಿಯದೆ ಕುಡಿದು ಐವತ್ತಕ್ಕೆ ಅಂಕ ಹಾಕುತ್ತಾರೆ. ನೋಟಕ್ಕೆ ಮೂರು, ಪರಿಮಳಕ್ಕೆ ಹನ್ನೆರಡು, ರುಚಿಗೆ ಇಪ್ಪತ್ತು, ಬಾಯೊಳಗೆ ಅದು ಹೇಗೆ ಕೂರುತ್ತದೆ ಎನ್ನುವುದಕ್ಕೆ ಐದು, ಒಟ್ಟಾರೆ ಹತ್ತು. ಪ್ರತಿಯೊಂದರ ಪಕ್ಕದಲ್ಲೂ ಎರಡು ಮೂರು ಸಾಲು ಷರಾ. ಎರಡು ವಾರದ ಮೇಲೆ ಹಾಳೆಗಳು ಈಮೇಲಿನಲ್ಲಿ ಬಂದವು. ನಾರ್ವೆಸ್ಟಿನ ನಮ್ಮ ಆಫೀಸಿನಲ್ಲಿ ಪ್ರಿಂಟರಿನ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಪ್ರಿಂಟ್ ತೆಗೆದೆ. ಒಬ್ಬರು ಇಪ್ಪತ್ತಮೂರು ಕೊಟ್ಟಿದ್ದರು, ಇನ್ನೊಬ್ಬರು ಇಪ್ಪತ್ತೈದು. ಸರಾಸರಿ ಇಪ್ಪತ್ತನಾಲ್ಕು.

ತಲೆ ತಾನಾಗಿಯೇ ಶೇಕಡಾ ಲೆಕ್ಕ ಹಾಕಿತು. ನಲವತ್ತೆಂಟು. ಮೂವತ್ತೈದಕ್ಕೆ ಪಾಸು ಎನ್ನುವ ಕಡೆಯಿಂದ ಬಂದವನು ನಾನು. ಸೆಕೆಂಡ್ ಕ್ಲಾಸಿಗೆ ಎರಡೇ ಕಡಿಮೆ, ಮರ್ಯಾದೆ ಉಳಿಯಿತು ಎಂದುಕೊಂಡೆ. ಆ ಸಮಾಧಾನ ಕಾರ್ ಪಾರ್ಕಿಂಗ್‌ವರೆಗೆ ಇತ್ತು. ಕಾರಿನಲ್ಲಿ ಕೂತು ಷರಾ ಓದಿದೆ. ಪರಿಮಳಕ್ಕೆ ಹನ್ನೆರಡಕ್ಕೆ ಒಬ್ಬರು ನಾಲ್ಕು, ಒಬ್ಬರು ಐದು. ಗ್ಲಾಸನ್ನು ಮೂಗಿನ ಹತ್ತಿರ ತರುವ ಮೊದಲೇ ಬೆಣ್ಣೆ ವಾಸನೆ ಹೊಡೆಯುತ್ತದೆ ಎಂದು ಒಬ್ಬರು ಬರೆದಿದ್ದರು. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಎಂದು ಇನ್ನೊಬ್ಬರು.

ಆ ಬಿಯರನ್ನು ನಾನು ಹತ್ತು ಸಲವಾದರೂ ಮೂಸಿದ್ದೆ. ಬೆಣ್ಣೆ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹಿಂದಿನ ಚಳಿಗಾಲಕ್ಕೂ ಮುಂಚಿನ ಚಳಿಗಾಲದಲ್ಲಿ ಒಂದು ಜ್ವರ ಬಂದಿತ್ತು. ಆ ದಿನಗಳಲ್ಲಿ ಎಲ್ಲರಿಗೂ ಬರುತ್ತಿದ್ದ ಜ್ವರವೇ. ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿದ್ದವು, ಮಿಕ್ಕಿದ್ದೆಲ್ಲ ಖಾಲಿ. ಒಂದು ತಿಂಗಳಾದ ಮೇಲೆ ಹೆಂಡತಿ ಕೇಳಿದಾಗ ಬಂತು, ಬಂತು ಎಂದುಬಿಟ್ಟೆ. ಬಂದಿಲ್ಲ ಎಂದರೆ ಡಾಕ್ಟರ ಹತ್ತಿರ ಹೋಗಬೇಕಾಗುತ್ತಿತ್ತು. ಅಷ್ಟರಲ್ಲಿ ನಾನೇ ಇಂಟರ್‌ನೆಟ್‌ನಲ್ಲಿ ಹುಡುಕಿ, ವಾಸನೆ ಹೋಗುವುದು ಯಾವ ಯಾವ ಭಯಂಕರ ಕಾಯಿಲೆಗಳ ಮೊದಲ ಲಕ್ಷಣ ಎಂದು ತಿಳಿದುಕೊಂಡಾಗಿತ್ತು. ಹೇಳದೆ ಇದ್ದರೆ ಆಗಿಲ್ಲದ ಹಾಗೇ ಎನ್ನುವುದು ನನ್ನ ಹಳೆಯ ಚಿಕಿತ್ಸಾ ವಿಧಾನ.

ದಿನಾ ಬೆಳಗ್ಗೆ ಯಾರೂ ನೋಡದಾಗ ಕಾಫಿಪುಡಿಯ ಡಬ್ಬಿ ತೆಗೆದು ಮೂಸುತ್ತಿದ್ದೆ. ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲವಲ್ಲ ಎಂಬ ಯೋಚನೆ ಹತ್ತಿ, ಅಡುಗೆಮನೆಗೆ ಒಂದು ಗ್ಯಾಸ್ ಅಲಾರಂ ತಂದು ಹಾಕಿದೆ. ಸ್ಪೆಷಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಎಂದು ಹೆಂಡತಿಗೆ ಹೇಳಿದೆ. ಅದು ಒಗ್ಗರಣೆಯ ಹೊಗೆಗೂ ಕೂಗುತ್ತಿತ್ತು.

ಹೀಗಿರುವಾಗ ಸ್ಪರ್ಧೆಯ ವಿಷಯ ಹೊಳೆಯಿತು. ಬಿಯರ್ ಮಾಡುವುದನ್ನು ಕಲಿಸಿದವನು ಕ್ವೇಕರ್ಸ್ ಹಿಲ್‌ನಲ್ಲಿರುವ ಮಂಗಳೂರಿನ ಗೆಳೆಯ. ಗಿರಾವೀನಿನ ನಮ್ಮ ಗ್ಯಾರೇಜಿನಲ್ಲಿ ಒಂದು ಹಳೆ ಫ್ರಿಜ್ಜು, ಮುಚ್ಚಳದ ಒಂದು ದೊಡ್ಡ ಬಕೆಟ್ಟು, ಇಷ್ಟೇ ನನ್ನ ಕಾರ್ಖಾನೆ. ಜಡ್ಜ್‌ಗಳಿಗೆ ನಾನು ಯಾರೆಂದು ಗೊತ್ತಿಲ್ಲ, ಅವರು ಪ್ರಶ್ನೆ ಕೇಳುವುದಿಲ್ಲ, ರಕ್ತ ತೆಗೆಯುವುದಿಲ್ಲ. ತಮಗೆ ಬಂದ ವಾಸನೆಯನ್ನು ಬರೆದು ಕಳಿಸುತ್ತಾರೆ. ನನ್ನ ಆಫೀಸಿನ ಕೆಲಸವೂ ಟೆಸ್ಟಿಂಗೇ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಹಾಗಾಗಿ ನಿಯಮ ಪ್ರಕಾರ ಹೊರಟೆ. ಬಾಟಲಿ ಕೊಡುವ ಹಿಂದಿನ ದಿನ ಅದೇ ನಮೂನೆಯ ಖಾಲಿ ಹಾಳೆಯಲ್ಲಿ ನನ್ನ ಬಿಯರಿಗೆ ನಾನೇ ಅಂಕ ಹಾಕಿ, ಷರಾ ಬರೆದು, ಲಕೋಟೆಯಲ್ಲಿ ಅಂಟಿಸಿಟ್ಟೆ. ಜಡ್ಜ್‌ಗಳ ಮೂಗಿಗೂ ನನ್ನದಕ್ಕೂ ತಾಳೆಯಾದರೆ ನನ್ನ ಮೂಗು ವಾಪಸ್ ಬಂದಿದೆ ಎಂದರ್ಥ.

ಷರಾ ಓದಿದ ಆ ಸಂಜೆ ಮನೆಗೆ ಬಂದು ಗ್ಯಾರೇಜಿನಲ್ಲಿ ಲಕೋಟೆ ಒಡೆದೆ. ನಾನು ನನಗೆ ಮೂವತ್ತೊಂಬತ್ತು ಕೊಟ್ಟುಕೊಂಡಿದ್ದೆ. ಪರಿಮಳಕ್ಕೆ ಹತ್ತು. ‘ಹದವಾದ ಬ್ರೆಡ್ಡಿನ ವಾಸನೆ, ಹೂವಿನ ನಸು ಘಮ, ದೋಷವೇನಿಲ್ಲ’ ಎಂಬ ಅರ್ಥದ ಎರಡು ಸಾಲು. ಓದುತ್ತಿದ್ದ ಹಾಗೆ ಮುಖ ಬಿಸಿಯಾಯಿತು. ಆ ಜಾತಿಯ ಬಿಯರ್ ಹೇಗಿರಬೇಕೆಂದು ಸ್ಪರ್ಧೆಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಪುಟವನ್ನೇ ನಾನು ಮೂಸಿದ್ದೆ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಆ ಬಿಯರನ್ನು ಎರಡು ಬಾಟಲಿ ಕುಡಿದು ಹೊಗಳಿದವನು. ಎಂತ ಬೆಣ್ಣೆ ಮಾರಾಯ, ಕುಡಿಲಿಕ್ಕೆ ಆಗ್ತದಲ್ಲ, ಸಾಕಲ್ಲ ಎಂದ. ಅವನು ಇಪ್ಪತ್ತು ವರ್ಷ ಸಿಗರೇಟು ಸೇದಿದವನೆಂಬುದು ನನಗೆ ಆಗ ನೆನಪಾಯಿತು. ಪರಿಹಾರ ಮಾತ್ರ ಸರಿಯಾಗಿ ಹೇಳಿದ: ಹುದುಗುವುದು ಮುಗಿಯುತ್ತ ಬಂದಾಗ ಎರಡು ಮೂರು ದಿನ ಬಕೆಟ್ಟನ್ನು ಬೆಚ್ಚಗೆ ಇಡಬೇಕು, ಈಸ್ಟು ತಾನು ಮಾಡಿದ ಬೆಣ್ಣೆಯನ್ನು ತಾನೇ ತಿಂದುಕೊಳ್ಳುತ್ತದೆ. ಪೂರ್ತಿ ತಿಂದಿತು ಎಂದು ತಿಳಿಯುವುದು ಹೇಗೆ ಎಂದೆ. ಮೂಸಿ ನೋಡುದು, ಮತ್ತೆಂತ ಎಂದ.

ಮೂರು ಹಾಳೆಗಳನ್ನೂ ಮಡಚಿ ಮನೆಯ ಇನ್ಶೂರೆನ್ಸ್ ಫೈಲಿನೊಳಗೆ ತುರುಕಿದೆ. ಆ ಫೈಲನ್ನು ನಾನೊಬ್ಬನೇ ತೆಗೆಯುವುದು ಎಂಬ ನಂಬಿಕೆ. ಆ ತಿಂಗಳ ಆಲಿಕಲ್ಲು ಮಳೆಗೆ ಪಕ್ಕದ ಮನೆಯ ಹೆಂಚು ಒಡೆಯಿತು; ನಮ್ಮ ಪಾಲಿಸಿಯಲ್ಲಿ ಆಲಿಕಲ್ಲು ಸೇರಿದೆಯೋ ಇಲ್ಲವೋ ನೋಡಲು ಹೆಂಡತಿ ಫೈಲು ತೆಗೆದಳು.

ನಾನು ಬಂದಾಗ ಊಟದ ಮೇಜಿನ ಮೇಲೆ ಮೂರು ಹಾಳೆಯನ್ನೂ ಸಾಲಾಗಿ ಹರಡಿಕೊಂಡು ಓದುತ್ತಿದ್ದಳು. ಅವಳು ಬಿಯರ್ ಮುಟ್ಟುವವಳಲ್ಲ. ಅದು ಗ್ಯಾರೇಜಿನ ಬಾಗಿಲು ದಾಟಿ ಅಡುಗೆಮನೆಗೆ ಬರಕೂಡದೆಂಬುದು ಮೊದಲ ದಿನವೇ ಆದ ಒಪ್ಪಂದ. ಆದರೆ ಹಾಳೆಯನ್ನು ಓದುವ ರೀತಿಯಲ್ಲಿ ಒಂದು ಪಳಗಿದ ಕಣ್ಣಿತ್ತು. ಅವಳು ಚೈಲ್ಡ್‌ಕೇರಿನಲ್ಲಿ ಕೆಲಸ ಮಾಡುತ್ತಾಳೆ. ಪ್ರತಿ ಸಂಜೆ ಒಂದೊಂದು ಮಗುವಿನ ಬಗ್ಗೆ ತಂದೆತಾಯಿಗೆ ನಾಲ್ಕು ಸಾಲು ಬರೆದು ಕಳಿಸಬೇಕು. ಮಗು ಇವತ್ತು ತುಂಬ ಉತ್ಸಾಹದಲ್ಲಿತ್ತು ಎಂದರೆ ಯಾರನ್ನೋ ಕಚ್ಚಿದೆ ಎಂದರ್ಥ.

ಇಪ್ಪತ್ತೊಂದರಿಂದ ಇಪ್ಪತ್ತೊಂಬತ್ತಕ್ಕೆ ‘ಗುಡ್’ ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತು. ನಾನು ಅದನ್ನೇ ತೋರಿಸಿ, ಗುಡ್ ಬಂದಿದೆ ಎಂದೆ. ಅವಳು ತಲೆ ಎತ್ತಲಿಲ್ಲ. ಇದು ಗುಡ್ ಅಲ್ಲ, ಇದಕ್ಕಿಂತ ಕೆಟ್ಟದ್ದನ್ನು ಹೇಳೋಕೆ ಮನಸ್ಸು ಬರದೇ ಇರೋದು ಎಂದಳು. ಬಣ್ಣ ಸುಂದರವಾಗಿದೆ ಎಂದು ಶುರು ಮಾಡಿದ್ದಾರೆಂದರೆ ಮುಂದೆ ಏನೋ ಕಾದಿದೆ. ಪ್ರಯತ್ನ ಮೆಚ್ಚುವಂಥದ್ದು, ಹೀಗೇ ಮುಂದುವರಿಸಿ ಎಂದು ಮುಗಿಸಿದ್ದಾರೆಂದರೆ ಉಳಿದ ಗ್ಲಾಸನ್ನು ಬಕೆಟ್ಟಿಗೆ ಚೆಲ್ಲಿದ್ದಾರೆ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಮೂರನೆಯ ಹಾಳೆಯನ್ನು ನನ್ನ ಕಡೆ ತಳ್ಳಿದಳು.

“ಈ ಮೂರನೇ ಜಡ್ಜ್ ಯಾರು?”

“ಯಾಕೆ?”

“ಇಬ್ಬರಿಗೆ ಬೆಣ್ಣೆ ಅಂತ ಮುಖಕ್ಕೇ ಹೊಡೆದಿದೆ. ಇವರೊಬ್ಬರಿಗೆ ಹೂವು, ಬ್ರೆಡ್ಡು. ಪಾಪ, ಮೂಗಿಲ್ವೇನೋ.”

ಹತ್ತೊಂಬತ್ತು ವರ್ಷದಿಂದ ನನ್ನ ಕೈಬರಹ ನೋಡಿರುವವಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಚೈಲ್ಡ್‌ಕೇರಿನಲ್ಲಿ ಕಚ್ಚಿದ ಮಗು ತಾನಾಗಿ ಒಪ್ಪಿಕೊಳ್ಳಲಿ ಎಂದು ಹೀಗೇ ಕಾಯುತ್ತಾಳೋ ಏನೋ.

“ಇಲ್ಲ,” ಎಂದೆ. “ಮೂಗಿಲ್ಲ. ವಾಪಸ್ ಬರಲೇ ಇಲ್ಲ.”

“ಗೊತ್ತು,” ಎಂದಳು. “ಹೋದ ಬೇಸಿಗೆಯಲ್ಲಿ ಹುಳಿ ಹಳಸಿತ್ತು, ಚೆಲ್ಲೋಣ ಅಂತ ಸಿಂಕಿನ ಪಕ್ಕ ಇಟ್ಟಿದ್ದೆ. ಆ ಕಡೆ ಹೋಗಿ ಬರೋಷ್ಟರಲ್ಲಿ ಬಿಸಿ ಮಾಡ್ಕೊಂಡು ಎರಡು ಸಲ ಹಾಕ್ಕೊಂಡಿದ್ರಿ. ಚೆನ್ನಾಗಿದೆ ಅಂದ್ರಿ ಬೇರೆ.”

ನನಗೂ ನೆನಪಿತ್ತು. ಹುಣಸೆಹಣ್ಣು ಸ್ವಲ್ಪ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

“ಮತ್ತೆ ಯಾಕೆ ಹೇಳಲಿಲ್ಲ ನೀನು?”

“ನೀವು ಹೇಳ್ತೀರ ಅಂತ ಕಾದೆ ಕಣ್ರೀ. ಆಮೇಲೆ ಹೇಗಿದೆ ಅಂತ ಕೇಳೋದನ್ನೇ ಬಿಟ್ಟೆ. ನೀವು ಅದನ್ನೂ ಗಮನಿಸಲಿಲ್ಲ.”

ಅದು ನಿಜ. ಬಡಿಸಿದ ಮೇಲೆ ಒಂದು ಕ್ಷಣ ನಿಂತು ಹೇಗಿದೆ ಎಂದು ಕೇಳುವುದು ಅವಳ ಪದ್ಧತಿ, ಮದುವೆಯಾದ ವಾರದಿಂದ. ಅದು ಯಾವಾಗ ನಿಂತಿತೆಂದು ನನಗೆ ಗೊತ್ತೇ ಇರಲಿಲ್ಲ. ಗ್ಯಾಸು, ಮನೆಸಾಲ, ಆಲಿಕಲ್ಲು, ಇಂಟರ್‌ನೆಟ್‌ನ ಕಾಯಿಲೆಗಳು, ಎಲ್ಲಕ್ಕೂ ಹೆದರುತ್ತ ಕೂತಿದ್ದವನಿಗೆ ಮನೆಯೊಳಗಿನ ಒಂದು ಪ್ರಶ್ನೆ ಕಾಣೆಯಾದದ್ದು ತಿಳಿಯಲಿಲ್ಲ. ಇಪ್ಪತ್ತನಾಲ್ಕು ಅಂಕಕ್ಕಿಂತ ಅದು ಹೆಚ್ಚು ನೋಯಿಸಿತು.

ಮಾರನೆಯ ವಾರ ಡಾಕ್ಟರ ಹತ್ತಿರ ಹೋದೆವು. ನಾನು ಹುಡುಕಿಟ್ಟುಕೊಂಡಿದ್ದ ಕಾಯಿಲೆಗಳ ಪಟ್ಟಿಯನ್ನು ಅವರು ತಾಳ್ಮೆಯಿಂದ ಕೇಳಿಸಿಕೊಂಡು ಪಕ್ಕಕ್ಕಿಟ್ಟರು. ಬಂದರೂ ಬರಬಹುದು, ಖಾತ್ರಿ ಕೊಡಲಾಗುವುದಿಲ್ಲ ಎಂದರು. ನಾಲ್ಕು ವಾಸನೆಗಳನ್ನು ಆರಿಸಿಕೊಂಡು ದಿನಕ್ಕೆರಡು ಸಲ, ಅದೇನೆಂದು ನೆನೆಸಿಕೊಳ್ಳುತ್ತ ಮೂಸಬೇಕು. ಹೆಂಡತಿ ನಾಲ್ಕು ಸಣ್ಣ ಬಾಟಲಿ ಸಿದ್ಧ ಮಾಡಿದಳು: ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿ, ಇಂಗು.

ಬೆಣ್ಣೆಯ ಪ್ರಶ್ನೆ ಬಾಕಿ ಇತ್ತು. ಚಳಿಗಾಲದಲ್ಲಿ ಅದೇ ಬಿಯರನ್ನು ಮತ್ತೆ ಮಾಡಿದೆ. ಬೆಚ್ಚಗಿಡುವ ದಿನಗಳು ಬಂದಾಗ ಅವಳನ್ನು ಗ್ಯಾರೇಜಿಗೆ ಕರೆದೆ. ಹಬ್ಬದ ದಿನ ನೈವೇದ್ಯಕ್ಕೆ ಮುಂಚೆ ಅವಳು ಯಾವುದನ್ನೂ ರುಚಿ ನೋಡುವುದಿಲ್ಲ. ಸೌಟಿನ ಹಬೆಯನ್ನು ಮೂಗಿಗೆ ತಂದುಕೊಂಡು ಉಪ್ಪು ಸಾಲದು ಎನ್ನುತ್ತಾಳೆ, ಅದು ಸಾಲದೇ ಇರುತ್ತದೆ. ಅದೇ ವಿದ್ಯೆ ಇಲ್ಲಿ ಬೇಕಿತ್ತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಗ್ಲಾಸನ್ನು ಮುಟ್ಟದ ಹಾಗೆ ಬಗ್ಗಿ ಮೂಸಿದಳು.

“ಇದು ಬೆಣ್ಣೆ ಅಲ್ಲ. ಬೆಣ್ಣೆ ಕಾಯಿಸುವಾಗ ತುಪ್ಪ ಆಗೋ ಮುಂಚೆ ನೊರೆ ಬರುತ್ತಲ್ಲ, ಅದು. ಇನ್ನೂ ಇದೆ.”

ಮಾರನೆಯ ಸಂಜೆ ಸ್ವಲ್ಪ ಇದೆ ಎಂದಳು. ಮೂರನೆಯ ಸಂಜೆ ಇನ್ನೊಂದು ದಿನ ಬಿಡಿ ಎಂದಳು. ನಾಲ್ಕನೆಯ ಸಂಜೆ ಎರಡು ಸಲ ಬಗ್ಗಿ ನೋಡಿ, ಹೋಯ್ತು ಎಂದಳು. ಈ ಸಲದ ಲಕೋಟೆಗೆ ಹಾಳೆ ತುಂಬುವಾಗ ಪರಿಮಳದ ಚೌಕವನ್ನು ಅವಳ ಮುಂದೆ ಹಿಡಿದೆ. ಹುರಿದ ಗೋಧಿ, ಸ್ವಲ್ಪ ಜೇನುತುಪ್ಪ, ಹಿಂದೆ ಎಲ್ಲೋ ಒಣಹುಲ್ಲು ಎಂದು ಬರೆದು, ಹನ್ನೆರಡಕ್ಕೆ ಎಂಟು ಹಾಕಿದಳು.

ಸೆಪ್ಟೆಂಬರಿನ ರಜೆಯಲ್ಲಿ ಅವಳ ತಂಗಿಯ ಮನೆ ಗೃಹಪ್ರವೇಶ, ಮೆಲ್ಬರ್ನಿನ ತಾರ್ನೀಟ್‌ನಲ್ಲಿ. ಮೆಲ್ಬರ್ನಿನಲ್ಲೂ ಒಂದು ಸ್ಪರ್ಧೆ ಇತ್ತು. ಕಾರಿನ ಹಿಂದೆ ಒಂದು ಕಡೆ ತಂಗಿಗೆ ತೆಗೆದುಕೊಂಡ ಸೀರೆ, ಬೆಳ್ಳಿ ದೀಪ. ಇನ್ನೊಂದು ಕಡೆ ಐಸ್ ಪೆಟ್ಟಿಗೆಯಲ್ಲಿ ನನ್ನ ಬಾಟಲಿಗಳು. ಒಡೆದು ಸೀರೆಯ ಮೇಲೆ ಚೆಲ್ಲಿದರೆ ಎಂಬ ಯೋಚನೆಯಲ್ಲಿ ಹೈವೇಯ ಪ್ರತಿ ಪೆಟ್ರೋಲ್ ಬಂಕಿನಲ್ಲೂ ನಿಲ್ಲಿಸಿ ಡಿಕ್ಕಿ ತೆಗೆದು ನೋಡಿದೆ. ನಾಲ್ಕನೆಯ ಸಲ ಅವಳು ಸೀಟಿನಿಂದಲೇ, ಮಗು ಮಲಗಿದ್ಯಾ ಎಂದು ಕೇಳಿದಳು.

ಬಾಟಲಿ ಒಪ್ಪಿಸಬೇಕಾದ ಅಂಗಡಿ ಊರಿನ ಇನ್ನೊಂದು ಮೂಲೆಯಲ್ಲಿತ್ತು. ಫಾರಮ್ಮಿನಲ್ಲಿ ತಯಾರಕರ ಹೆಸರಿನ ಕೆಳಗೆ ಜೊತೆಗಾರರ ಹೆಸರಿಗೂ ಒಂದು ಸಾಲಿತ್ತು. ನಾನು ಪೆನ್ನು ಅಲ್ಲಿಗೆ ಇಟ್ಟದ್ದನ್ನು ಕಂಡು ಅವಳು ಕೈ ಹಿಡಿದಳು. ಬೇಡ, ನಾಳೆ ಪೂಜೆಗೆ ಕೂರಬೇಕು ನಾನು ಎಂದಳು. ಆ ಸಾಲು ಖಾಲಿ ಉಳಿಯಿತು.

ಮೂರು ವಾರದ ಮೇಲೆ ಹಾಳೆಗಳು ಬಂದವು. ಈ ಸಲ ಮನೆಯಲ್ಲೇ ಪ್ರಿಂಟ್ ತೆಗೆದೆ, ಮೇಜಿನ ಮೇಲೇ ಹರಡಿದೆ. ಒಬ್ಬರು ಮೂವತ್ತಮೂರು, ಒಬ್ಬರು ಮೂವತ್ತೈದು. ಪದಕವಿಲ್ಲ. ಶೇಕಡಾ ಲೆಕ್ಕ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ, ಫಸ್ಟ್ ಕ್ಲಾಸು. ಪರಿಮಳಕ್ಕೆ ಇಬ್ಬರೂ ಒಂಬತ್ತು ಕೊಟ್ಟಿದ್ದರು. ಟೋಸ್ಟು, ಜೇನು ಎಂದು ಒಬ್ಬರು. ಟೋಸ್ಟು, ಹುಲ್ಲು ಎಂದು ಇನ್ನೊಬ್ಬರು. ಬೆಣ್ಣೆಯ ಸುದ್ದಿ ಇಲ್ಲ. ಲಕೋಟೆ ಒಡೆದು ಅವಳ ಹಾಳೆಯನ್ನು ಪಕ್ಕದಲ್ಲಿಟ್ಟೆ. ಅವಳು ಮೂರನ್ನೂ ಓದಿ, ನಾನು ಸ್ವಲ್ಪ ಬಿಗಿಯಾಗಿ ಹಾಕ್ಬಿಟ್ಟೆ ಎಂದಳು, ಅಷ್ಟೇನೂ ಪಶ್ಚಾತ್ತಾಪವಿಲ್ಲದೆ.

ಉಳಿದ ಖಾಲಿ ಹಾಳೆಗಳನ್ನು ಅವಳು ವಹಿಸಿಕೊಂಡಿದ್ದಾಳೆ. ಭಾನುವಾರ ಬೆಳಗ್ಗೆ ನನ್ನ ಕಣ್ಣು ಮುಚ್ಚಿಸಿ ವಾಸನೆಯ ನಾಲ್ಕು ಬಾಟಲಿಗಳನ್ನೂ ಒಂದೊಂದಾಗಿ ಮೂಗಿಗೆ ಹಿಡಿಯುತ್ತಾಳೆ. ಒಂದೊಂದಕ್ಕೆ ಮೂರು ಅಂಕ, ಒಟ್ಟು ಹನ್ನೆರಡು. ಮೊದಲ ಭಾನುವಾರ ಸೊನ್ನೆ. ಊಹೆ ಮಾಡಿ ಹೇಳಿದರೆ ತಿಳಿದುಬಿಡುತ್ತದೆ, ಅಂಕ ಕಳೆಯುತ್ತಾಳೆ. ಮೊನ್ನೆಯ ಭಾನುವಾರ ಲವಂಗದ ಬಾಟಲಿಯಲ್ಲಿ ಏನೋ ಇದ್ದ ಹಾಗಾಯಿತು, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಹಾಗೆಂದೇ ಹೇಳಿದೆ. ಎರಡು ಕೊಟ್ಟಳು. ಷರಾದ ಜಾಗದಲ್ಲಿ, ಪ್ರಯತ್ನ ಮೆಚ್ಚುವಂಥದ್ದು, ಹೀಗೇ ಮುಂದುವರಿಸಿ ಎಂದು ಬರೆದಳು. ಅದರ ಅರ್ಥ ಈಗ ನನಗೆ ಗೊತ್ತು.

ಅವತ್ತು ಮಧ್ಯಾಹ್ನ ಹುಳಿ ಬಡಿಸಿ, ಸೌಟು ಹಿಡಿದುಕೊಂಡೇ ಒಂದು ಕ್ಷಣ ನಿಂತಳು.

“ಹೇಗಿದೆ?”

“ಉಪ್ಪು ಸರಿಯಾಗಿದೆ. ಖಾರ ಒಂಚೂರು ಮುಂದೆ. ಮಿಕ್ಕಿದ್ದು ಗೊತ್ತಾಗ್ತಿಲ್ಲ ಕಣೆ.”

ಅವಳು ತಲೆಯಾಡಿಸಿ ಇನ್ನೊಂದು ಸೌಟು ಹಾಕಿದಳು.