ಪುರಾವೆ ಮೇಷ್ಟ್ರು

ಅವರ ಅಂಗಿಯ ಮೇಲಿನ ಗುಂಡಿ ಯಾವಾಗಲೂ ಬಿಚ್ಚಿರುತ್ತಿತ್ತು. ಕೊರಳಲ್ಲಿ ಶಿವದಾರ; ಅದರ ಪಕ್ಕದಲ್ಲೇ ಇನ್ನೊಂದು ಕೆಂಪು ದಾರ, ಅದರ ತುದಿಗೆ ಕಪ್ಪು ಪೆನ್‌ಡ್ರೈವ್. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಅದು ಹೊರಗೆ ಜಾರಿ ತೂಗಾಡುತ್ತಿತ್ತು. ಅವರು ಪಾಠ ನಿಲ್ಲಿಸದೆಯೇ ಅದನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದರು. ಕಾಲೇಜಿನ ಅಧ್ಯಾಪಕರೆಲ್ಲ ವರ್ಷವಿಡೀ ಏನು ಮಾಡಿದರೆಂಬ ವಿವರ ಪೂರ್ತಿ ಅದರಲ್ಲಿತ್ತು.

ಅವರು ಇತಿಹಾಸದ ಮೇಷ್ಟ್ರು, ಅಜ್ಜಂಪುರದಿಂದ ರೈಲಿಗೆ ಬರುತ್ತಿದ್ದರು. ನಾನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ, ತರೀಕೆರೆಯಿಂದ ಬಸ್ಸಿಗೆ. ಕಾಲೇಜುಗಳಿಗೆ ದರ್ಜೆ ಕೊಡುವ ಮೌಲ್ಯಮಾಪನದಲ್ಲಿ ಹಿಂದಿನ ಸಲ ನಮಗೆ ತೀರ ಕೆಳಗಿನ ದರ್ಜೆ ಬಂದಿತ್ತು. ಈ ಸಲವೂ ಹಾಗೇ ಆದರೆ ವಿಜ್ಞಾನ ವಿಭಾಗ ಮುಚ್ಚುತ್ತಾರೆ ಎಂಬ ಮಾತಿತ್ತು. ಮೌಲ್ಯಮಾಪನದ ತಂಡಕ್ಕೆ ತೋರಿಸಬೇಕಾದ ದಾಖಲೆಗಳ ಹೊಣೆ ಯಾರಿಗೂ ಬೇಡವಾಗಿತ್ತು. ಅದು ಅವರ ಹೆಗಲಿಗೆ ಬಿತ್ತು.

ಯಾರು ಏನು ಮಾಡಿದೆ ಎಂದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಪುರಾವೆ?" ಜಾಗವೂ ಸಮಯವೂ ಮೂಡಿರುವ ಫೋಟೋ ಬೇಕು. ಅದಿಲ್ಲದಿದ್ದರೆ ಕೆಲಸ ನಡೆದೇ ಇಲ್ಲ ಎಂದು ಲೆಕ್ಕ. ಹುಡುಗರು ಅವರಿಗೆ ಪುರಾವೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

"ಏನ್ ಸಾರ್, ನಾನು ಆಕಳಿಸಿದ್ರೂ ಫೋಟೋ ಬೇಕಾ?" ಎಂದು ವಾಣಿಜ್ಯ ವಿಭಾಗದವರೊಬ್ಬರು ಒಮ್ಮೆ ಕೆಣಕಿದರು.

"ಕ್ಲಾಸಲ್ಲಿ ಆಕಳಿಸಿದ್ರೆ ಬೇಕು ಕಣ್ರೀ. ಹಿಂದೆ ಹುಡುಗ್ರೂ ಕಾಣ್ಬೇಕು."

ಅವರಿಗೆ ಬೇಕಾಗಿದ್ದುದು ಬರೀ ದರ್ಜೆಯಲ್ಲ ಎಂದು ನನಗೆ ತಿಳಿದದ್ದು ಯಗಟಿ ಎಂಬ ಊರಿನ ಬಸ್ಸಿನ ವಿಷಯದಲ್ಲಿ. ನಾವೆಲ್ಲ "ಸಂಜೆ ವಿಶೇಷ ತರಗತಿ" ಎಂದು ವರದಿಯಲ್ಲಿ ತುಂಬಿ ಕೊಟ್ಟಿದ್ದೆವು, ಫೋಟೋ ಸಮೇತ. ಅವರು ಫೋಟೋಗಳನ್ನು ಮತ್ತೆ ಮತ್ತೆ ನೋಡಿ, ಸಭೆಯಲ್ಲಿ ಕೇಳಿದರು: "ಇದ್ರಲ್ಲಿ ಯಗಟಿ ಕಡೆ ಹುಡುಗೀರು ಒಬ್ರೂ ಇಲ್ವಲ್ರೀ? ಅವ್ರ ಬಸ್ಸು ಎಷ್ಟೊತ್ತಿಗೆ?" ಯಾರಿಗೂ ಗೊತ್ತಿರಲಿಲ್ಲ. "ಬಸ್ಸು ಹೋದ್ಮೇಲೆ ಪಾಠ ಮಾಡ್ತಿದೀವಿ. ಹಾಳೆ ಮೇಲೆ ನಾವು ಪಾಸು, ಆ ಮಕ್ಳು ಫೇಲು."

ವಿಶೇಷ ತರಗತಿಗಳು ಬೆಳಗಿನ ಮೊದಲ ಪಿರಿಯಡ್‌ಗೆ ಬಂದವು. ಕಾಲೇಜು ಬಿಡುವ ಯೋಚನೆಯಲ್ಲಿದ್ದ ಯಗಟಿಯ ಒಬ್ಬ ಹುಡುಗಿ ನನ್ನ ವಿಷಯದಲ್ಲಿ ಪಾಸಾದಳು. ಅವಳನ್ನು ನೆನಪಿಡಿ.

ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಎಮ್ಮೆದೊಡ್ಡಿ ಕಾವಲಿಗೆ, ದನ ಮೇಯುವ ಆ ಹುಲ್ಲು ಬಯಲಿಗೆ, ಹೋದದ್ದು ಹುಲ್ಲುಗಳನ್ನು ಗುರುತಿಸಲು; ಪುರಾವೆಗೆಂದು ಮೇಷ್ಟ್ರೂ ಜೊತೆಗೆ ಬಂದಿದ್ದರು. ಅಂಥ ಹೊರಗಿನ ಕಾರ್ಯಕ್ರಮ ಆ ವರ್ಷ ವಿಜ್ಞಾನ ವಿಭಾಗದಲ್ಲಿ ಒಂದೂ ಆಗಿರಲಿಲ್ಲ. ಅಮೃತಮಹಲ್ ದನಗಳು ದೂರದಲ್ಲಿ ಮೇಯುತ್ತಿದ್ದವು. "ಹತ್ರ ಹೋಗ್ಬೇಡ್ರಪ್ಪಾ, ಇವು ಮನೆ ದನ ಅಲ್ಲ. ಕರು ಬೇರೆ ಹಾಕವೆ" ಎಂದು ಕಾಯುವವನು ಎಚ್ಚರಿಸಿದ್ದ. ನಾವು ಹತ್ತಿರ ಹೋಗಲಿಲ್ಲ. ಕೆಲಸ ಮುಗಿಯಿತು, ಫೋಟೋ ಮಾತ್ರ ಬಾಕಿ. ಕಾಲೇಜಿನ ಹೆಸರಿದ್ದ ಫ್ಲೆಕ್ಸ್ ಬಿಚ್ಚಿದೆವು.

ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತು, "ಹೆಸ್ರು ಪೂರ್ತಿ ಕಾಣ್ಬೇಕು ಕಣ್ರೋ, ಎಳ್ದು ಹಿಡೀರಿ" ಎಂದರು. ಬಯಲ ಗಾಳಿಗೆ ಫ್ಲೆಕ್ಸ್ ಪಟಪಟ ಬಡಿಯಿತು. ಅದು ಕೈತಪ್ಪಬಾರದೆಂದು ಯಗಟಿಯ ಹುಡುಗಿ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ನಾನು ಫೋಟೋ ತೆಗೆದೆ. ಪರದೆ ನೋಡಿದಾಗ, ನಗುತ್ತಿದ್ದ ಮಕ್ಕಳ ಹಿಂದೆ ಬೂದು ಬಣ್ಣದ ಹಸುವೊಂದು ತಲೆ ಎತ್ತಿತ್ತು.

ನಾನು ಕಣ್ಣೆತ್ತುವಷ್ಟರಲ್ಲಿ ಅದು ಓಡಿ ಬರುತ್ತಿತ್ತು.

ಮಕ್ಕಳು ಚೆದುರಿದರು. ಹುಡುಗಿ ಮಾತ್ರ ಓಡಲಾರಳು. ಗಾಳಿ ತುಂಬಿದ ಫ್ಲೆಕ್ಸ್ ಅವಳ ಕೈಯನ್ನು ಜಗ್ಗುತ್ತಿತ್ತು. ಮೇಷ್ಟ್ರು ಓಡಿದರು. "ಕೈ ಸಡಿಲ ಬಿಡೇ ಮಗಾ!" ಎನ್ನುತ್ತ ಹಗ್ಗ ಬಿಡಿಸಿ, ಅವಳನ್ನು ಆಚೆ ತಳ್ಳಿ, ಆ ಫ್ಲೆಕ್ಸನ್ನು ಎಳೆದುಕೊಂಡು ಇನ್ನೊಂದು ದಿಕ್ಕಿಗೆ ಓಡಿದರು. ಹಸು ಪಟಪಟ ಸದ್ದಿನ ಹಿಂದೆ ಹೋಯಿತು. ಮೊದಲು ಕೊಂಬಿಗೆ ಸಿಕ್ಕಿದ್ದು ಫ್ಲೆಕ್ಸ್. ಆಮೇಲೆ ಅವರು. ಕಾಯುವವನು ಕೂಗುತ್ತ ಬಂದು ಅದನ್ನು ಅಟ್ಟಿದ. ನನ್ನ ಕೈಯಲ್ಲಿ ಫೋನ್ ಹಾಗೇ ಇತ್ತು.

ಪೇಟೆಯಲ್ಲಿ ಎಲ್ಲಾದರೂ ಫ್ಲೆಕ್ಸ್ ಗಾಳಿಗೆ ಬಡಿದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ಎದುರಿಗೆ ಬರೀ ಮೊಬೈಲ್ ಅಂಗಡಿಯಿದ್ದರೂ ಅದರ ಹಿಂದೆ ಕೊಂಬು ಹುಡುಕುತ್ತೇನೆ.

ಆಸ್ಪತ್ರೆಯಲ್ಲಿ ಎದೆಗೆ ಪಟ್ಟಿ ಸುತ್ತಿ ಮಲಗಿಸಿದ್ದರು. ಮೇಷ್ಟ್ರಿಗೆ ಉಸಿರಾಡುವುದೂ ಕಷ್ಟವಾಗಿತ್ತು. ಆದರೂ, "ಫೋಟೋ ಬಂತೇನಮ್ಮಾ?" ಎಂದರು.

"ಬಂದಿದೆ ಸಾರ್. ಜಾಗ, ಟೈಮು ಎಲ್ಲ ಇದೆ. ನಮ್ಮ ವಿಭಾಗಕ್ಕೆ ಇದೊಂದೇ ಇರೋದು. ಹಾಕ್ಬಿಡ್ಲಾ?"

ಫೋನ್ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಬೇಡ."

"ಯಾಕ್ ಸಾರ್?"

"ಕರು ಹಾಕಿರೋ ದನದ ಮುಂದೆ ಮಕ್ಳನ್ನ ನಿಲ್ಸಿದ್ದು ನಾನು. ಅದಕ್ಕೆ ಅಂಕ ಕೇಳೋಕಾಗುತ್ತೇನಮ್ಮಾ? ಆ ಸಾಲು ಖಾಲಿ ಇರ್ಲಿ ಬಿಡು." ಫೋನನ್ನು ನನ್ನ ಕೈಗೆ ಕೊಟ್ಟು, "ಬಸ್ಸಿನ್ ವಿಷಯ ಹಾಕು. ಟೈಮ್ ಬದಲಾದ್ಮೇಲೆ ಎಷ್ಟ್ ಮಕ್ಳು ಪಾಸಾದ್ರು, ಅದನ್ನ ಹಾಕು. ಅದು ನಾವು ಮಾಡಿದ್ದು" ಎಂದರು.

ತಂಡ ಬರುವ ಮೊದಲೇ ಮೇಷ್ಟ್ರು ಹೋಗಿಬಿಟ್ಟರು. ಎದೆಯ ಗಾಯ ಶ್ವಾಸಕೋಶಕ್ಕೆ ಇಳಿದಿತ್ತಂತೆ. ಪೆನ್‌ಡ್ರೈವನ್ನು ಅವರ ಮನೆಯವರು ಕೆಂಪು ದಾರದ ಸಮೇತ ತಂದು ನನಗೆ ಕೊಟ್ಟರು. ತಂಡದವರೊಬ್ಬರು ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, ಇಲ್ಲೇನೂ ನಡೆದಿಲ್ಲವೇ ಎಂದು ಕೇಳಿದರು. ಪುರಾವೆ ಇಲ್ಲ ಎಂದೆ. ಅವರು ಬಸ್ಸಿನ ಪುಟವನ್ನು ಎರಡು ಸಲ ಓದಿದರು. ದರ್ಜೆ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ವಿಭಾಗ ಮುಚ್ಚಲಿಲ್ಲ, ಅಷ್ಟೆ.

ಈಗ ಬೆಳಗಿನ ಮೊದಲ ಪಿರಿಯಡ್ ನನ್ನದೇ. ದಣಿದ ದನಿಯಲ್ಲೇ ಹಾಜರಿ ಕೂಗುತ್ತೇನೆ. ಯಗಟಿಯ ಹುಡುಗಿಯ ಹೆಸರು ಬಂದಾಗ ಅವಳು "ಪ್ರೆಸೆಂಟ್ ಮಿಸ್" ಎಂದು ಕೈ ಎತ್ತುತ್ತಾಳೆ. ಬಳೆ ಕೆಳಗೆ ಜಾರಿ, ಮಣಿಕಟ್ಟಿನ ಸುತ್ತ ಹಗ್ಗದ ಗೀರು ಕಾಣುತ್ತದೆ.